ಹಳದಿ ಇಳಿಯುವ ತನಕ

ಮೊನ್ನೆ ನನ್ನ ಮೊಮ್ಮಗಳು ಡಾಕ್ಟರೇಟ್ ಪಡೆದಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಹೋದ ವರ್ಷ ಒಂದು ಭಾನುವಾರ, ಯಶವಂತಪುರದ ಈಚೆಗಿನ ಸಿಂಗಾಪುರ ಬಡಾವಣೆಯ ನಮ್ಮ ಮನೆಗೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಊಟದ ಹೊತ್ತಿಗೆ ಬರುತ್ತೇನೆಂದು ಲ್ಯಾಬಿಗೆ ಹೋದವಳ ಪತ್ತೆಯಿಲ್ಲ. ನಾನು ಹೇಳಿದರೆ ಕೇಳುತ್ತಾಳೆಂದು ಅವಳಪ್ಪ, ಅಂದರೆ ನನ್ನ ಮಗ, ನನ್ನನ್ನು ಆಟೋ ಹತ್ತಿಸಿಕೊಂಡು ಯಶವಂತಪುರದ ಆಚೆಗೆ ಓಡಿದ.

ಲ್ಯಾಬಿನ ಕಿಟಕಿಗೆಲ್ಲ ಕಪ್ಪು ಬಟ್ಟೆ. ಮೇಜಿನ ಮೇಲೆ ಹೊಗೆಯಾಡುವ ಗಾಜಿನ ಪಾತ್ರೆ. ಮುಟ್ಟಬೇಡ ಅಜ್ಜಿ, ಅದು ಬಿಸಿಯಲ್ಲ, ಬೆರಳು ಸುಡುವಂಥ ಚಳಿ ಎಂದಳು. ಇದ್ದಿಲ ಹೊಗೆಯಲ್ಲಿ ಉಸಿರು ಕಟ್ಟಿಸುವ ಗಾಳಿ ಇರುತ್ತದಲ್ಲ, ಅದರ ಆರು ಕಣಗಳನ್ನು ಲೋಹದ ಒಂದು ಕಣ ಸುತ್ತಲೂ ಹಿಡಿದುಕೊಂಡಿರುತ್ತದಂತೆ. ಅದಕ್ಕೆ ಕಾರ್ಬೊನಿಲ್ ಅಂತ ಹೆಸರು. ಬೆಳಕು ಬಿದ್ದರೆ ಒಂದು ಕಳಚಿಕೊಳ್ಳುತ್ತದೆ. ಆ ಖಾಲಿ ಜಾಗಕ್ಕೆ ತಕ್ಷಣ ಇನ್ನೇನೋ ಬಂದು ಕೂರುತ್ತದೆ. ಚಳಿಯಲ್ಲಿ ಹೆಪ್ಪುಗಟ್ಟಿಸಿದರೆ ಮಾತ್ರ ಖಾಲಿಯಾಗಿಯೇ ಉಳಿದು ಅಳತೆಗೆ ಸಿಗುತ್ತದೆ.

ದೀಪ ಹಾಕಿದಳು. ಪಾತ್ರೆಯೊಳಗೆ ನೀರಿನಂತೆ ತಿಳಿಯಾಗಿದ್ದದ್ದು ನನ್ನ ಕಣ್ಣೆದುರೇ ಅರಿಶಿನದ ಬಣ್ಣಕ್ಕೆ ತಿರುಗಿತು; ಅದೇ ಖಾಲಿ ಜಾಗದ ಗುರುತಂತೆ. ಎಷ್ಟೋ ಸಲ ಕೆಟ್ಟು ಇವತ್ತು ಸರಿಯಾಗಿದೆ, ಬಿಟ್ಟು ಬಂದರೆ ಕರಗಿ ಹಳದಿ ಹೋಗುತ್ತದೆ, ಹೆಪ್ಪುಗಟ್ಟಿಸುವ ಆ ತಣ್ಣನೆಯ ದ್ರವ ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲ ಎಂದಳು.

"ಎಣ್ಣು ನೋಡಕ್ಕೆ ಬಂದವ್ರೆ, ಇವ್ಳು ಸೀಸೆ ನೋಡ್ಕಂಡು ಕುಂತವ್ಳೆ. ನೀನಾದ್ರೂ ಬುದ್ಧಿ ಏಳವ್ವ," ಎಂದ ಮಗ.

ಅವಳು ನನ್ನ ಮುಖ ನೋಡಿದಳು. ನಾನು ಸ್ಟೂಲು ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತೆ.

"ಅವ್ಳು ಬರಾಕಿಲ್ಲ ಕಣ್ಲಾ. ಕಾಯೋರು ಕಾಯ್ಲಿ, ಓಗೋರು ಓಗ್ಲಿ."

"ಒಳ್ಳೆ ಸಂಬಂಧ ಕಣವ್ವ."

"ಒಳ್ಳೇದಾದ್ರೆ ಒಂದು ಸಂಜೆ ಕಾಯ್ತದೆ."

ಅವನು ದಡದಡನೆ ಇಳಿದು ಹೋದ. ಅವಳು ಪಾತ್ರೆಗೆ ದ್ರವ ಸುರಿಯುತ್ತ, ಯಂತ್ರದ ಮುಳ್ಳು ಕಾಗದದ ಮೇಲೆ ಗೀಚುವುದನ್ನೇ ನೋಡುತ್ತ ಕೂತಳು. ನಾನು ಅವಳನ್ನು ನೋಡುತ್ತ ಕೂತೆ. ಎಲ್ಲ ಮುಗಿದ ಮೇಲೆ ಕರಗಲು ಬಿಟ್ಟಳು. ಹಳದಿ ಇಳಿಯಿತು.

ನಾವು ಮನೆ ಸೇರುವಷ್ಟರಲ್ಲಿ ಕೇಸರಿಬಾತು ತಿಂದವರು ಎದ್ದು ಹೋಗಿದ್ದರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬೇಡ ಬಿಡಿ.

ಮೊನ್ನೆ ಬೀದಿಗೆಲ್ಲ ಹೋಳಿಗೆ ಹಂಚಿದೆ. ಡಾಕ್ಟರೇನೋ ಆದಳು, ಮದುವೆ ಯಾವಾಗ ಎಂದು ಕೇಳಿದವರಿಗೆ ಎರಡೆರಡು ಕೊಟ್ಟೆ, ಬಾಯಿ ತುಂಬಿರಲಿ ಎಂದು.