ಬೇಗ ತಿರುಗುವ ಲೆನ್ಸು

ಆಗ ನನಗೆ ಐವತ್ತೆಂಟು. ಹತ್ತು ವರ್ಷದ ಹಿಂದಿನ ಮಾತು. ರೊಳ್ಳದಿಂದ ರಾಯದುರ್ಗಕ್ಕೆ ಬಂದು ನಾನೂ ಮಗಳೂ ಜೀನ್ಸ್ ಹೊಲಿಯುತ್ತಿದ್ದೆವು. ಅವಳಿಗೆ ಹೊಲಿಗೆ ಬಿಟ್ಟು ಫೋಟೊ ತೆಗೆದು ಬದುಕುವ ಹಟ. ತನ್ನ ಡಿಜಿಟಲ್ ಕ್ಯಾಮೆರಾಕ್ಕೆಂದು ಕೈಯಲ್ಲಿ ತಿರುಗಿಸಿ ಫೋಕಸ್ ಮಾಡುವ ಎರಡು ಹಳೇ ಲೆನ್ಸ್ ತಂದಳು. ಸಂಜೆಯೊಳಗೆ ಒಂದನ್ನು ಅಂಗಡಿಗೆ ಮರಳಿಸಬೇಕಿತ್ತು.

ಎರಡನ್ನೂ ಹಾಕಿ ನೋಡಲು ನನ್ನನ್ನೇ ಎದುರು ಕೂರಿಸಿದಳು. ಅವಳು ಮೆಚ್ಚಿದ್ದ ಲೆನ್ಸನ್ನು ಬಹಳ ತಿರುಗಿಸಿದರೇ ಮುಖ ಸ್ಪಷ್ಟವಾಗುವುದು. ಅಷ್ಟರಲ್ಲಿ ಪೆಡಲ್ ತುಳಿದು ರೂಢಿಯಾದ ನನ್ನ ಕಾಲು ಕುಣಿದು ಮೈಯೆಲ್ಲ ಅಲುಗುತ್ತಿತ್ತು.

"ಯವ್ವಾ, ಸುಮ್ನ ಕುಂದ್ರು! ಕಾಲಿಗೆ ದೆವ್ವ ಹಿಡದೈತೇನು?"

"ಈ ಊರಾಗೆ ಯಾರ ಕಾಲು ಸುಮ್ಕಿರ್ತದೆ? ಎಲ್ಲಾ ಮಿಷಿನ್ ತುಳಿಯೋರೇ. ಬೇಗ ತಿರುಗೋದು ಇಟ್ಕೊ."

ಇನ್ನೊಂದನ್ನು ತುಸು ತಿರುಗಿಸುವುದರೊಳಗೆ ನನ್ನ ಮುಖ ಸರಿಯಾಗಿ ಸಿಕ್ಕಿತು. ಗೊಣಗುತ್ತಲೇ ಅದನ್ನು ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಕೆಲಸಕ್ಕೆ ಹೋಗಿ, ಅವಳ ಮಿಷಿನ್ ಬೇರೆಯವರಿಗೆ ಕೊಡಿ ಎಂದು ಮೇಸ್ತ್ರಿಗೆ ಹೇಳಿದೆ.