ಮೂಸಾಕನ ಎರಡು ಕಡ್ಡಿ

ಬಂದ್ಯೋಡಿನ ನನ್ನ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಅಕ್ಕಿಹಿಟ್ಟಿನ ಎಳೆ ಎಳೆ ಒತ್ತು ಸೇಮಿಗೆ, ಬೆಲ್ಲ ಹಾಕಿದ ಕಾಯಿಹಾಲು ಉಂಟು. ಒಣಕಾಯಿ ಕೊಪ್ಪರ ವ್ಯಾಪಾರದ ಮೂಸಾಕ ಇಪ್ಪತ್ತು ವರ್ಷದಿಂದ ಅದನ್ನು ತಿನ್ನುತ್ತಾರೆ, ಇಪ್ಪತ್ತು ವರ್ಷದಿಂದ ಕೊರತೆಯನ್ನೂ ಹೇಳುತ್ತಾರೆ. ಸೇಮಿಗೆ ಬಿಸಿ ಇಲ್ಲ, ಕಾಯಿಹಾಲು ಬರೀ ನೀರು. ನನಗೆ ಅಭ್ಯಾಸವಾಗಿತ್ತು.

ಕಳೆದ ತಿಂಗಳು ಮಿಕ್ಸಿ ತರಲಿಕ್ಕೆ ಕಾಸರಗೋಡಿನ ಶಾಪಿಂಗ್ ಮಾಲಿಗೆ ಹೋದವನು ಅಲ್ಲಿನ ನೂಡಲ್ಸ್ ಅಂಗಡಿಯ ಮುಂದಿನ ಸಾಲು ನೋಡಿಯೇ ಹೊಟ್ಟೆ ಉರಿದು ನಿಂತೆ. ಅದೂ ಹಿಟ್ಟಿನ ಎಳೆಯೇ ಅಲ್ವಾ? ಒಳಗೆ ನೋಡಿದರೆ ಮೂಸಾಕ! ಮಗಳ ಎದುರು ಕೂತು, ಎರಡು ಕಡ್ಡಿಯಲ್ಲಿ ಒಂದೊಂದೇ ಎಳೆ ಹಿಡಿಯುತ್ತಾ, ಅರ್ಧವನ್ನು ಅಂಗಿಯ ಮೇಲೆ ಬೀಳಿಸಿಕೊಂಡು ನಗುತ್ತಿದ್ದರು. ಬಟ್ಟಲು ಆಗಲೇ ತಣ್ಣಗಾಗಿತ್ತು.

"ಹೇಗುಂಟು ಮೂಸಾಕ?" ಕೇಳಿದೆ.

"ಫಸ್ಟ್ ಕ್ಲಾಸ್ ಮಾರಾಯ!"

ಆ ಮಾತು ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಕೊರತೆ ಹುಡುಕಲಿಕ್ಕೆಂದೇ ನಾನೂ ಒಂದು ಬಟ್ಟಲು ತರಿಸಿದೆ. ರುಚಿಯಾಗಿಯೇ ಇತ್ತು. ಅದು ಇನ್ನೂ ಸಂಕಟ.

ಮರುದಿನ ಮೂಸಾಕ ಬಂದಾಗ, ಗುಡಿಸುವ ಹಿಡಿಸೂಡಿಗೆಂದು ಸೀಳಿಟ್ಟಿದ್ದ ಹೊಸ ತೆಂಗಿನ ಗರಿಯ ಕಡ್ಡಿ ಎರಡನ್ನು ತೊಳೆದು ಸೇಮಿಗೆಯ ತಟ್ಟೆಯ ಪಕ್ಕ ಇಟ್ಟೆ. ಸಿಟ್ಟು ಬರಲಿ ಅಂತಲೇ ಇಟ್ಟದ್ದು. ಅವರು ಮೊಬೈಲ್ ತೆಗೆದು ಖುಷಿಯಲ್ಲಿ ಫೋಟೋ ಹೊಡೆದು ಮಗಳಿಗೆ ಕಳಿಸಿದರು. ನನ್ನ ಸೇಮಿಗೆಗೆ ಅದು ಮೊದಲ ಫೋಟೋ. ಆಮೇಲೆ ಕಡ್ಡಿ ಬದಿಗಿಟ್ಟು, ಕೈಯಲ್ಲಿ ಕಲಸುತ್ತಾ ಹೇಳಿದರು:

"ಎಂತ ಮಾರಾಯ, ಕಾಯಿಹಾಲು ಇವತ್ತೂ ನೀರು. ಇನ್ನೊಂದು ಸೌಟು ಹಾಕು."

ಎರಡು ಸೌಟು ಹಾಕಿದೆ.