ಗುಡುಗು ಮೇಸ್ತ್ರಿ ಬರೆದ ಕಟ್ಟಳೆ

ಬಾಯಿ ತೆರೆದರೆ ಗುಡುಗು. ಅದಕ್ಕೇ ನೇಯ್ಗೆ ಗಿರಣಿಯವರು ಅವನನ್ನು ಗುಡುಗು ಮೇಸ್ತ್ರಿ ಎನ್ನುತ್ತಿದ್ದರು. ಹಳೆಯ ಮಗ್ಗಗಳ ನಡುವೆ ಇಪ್ಪತ್ತೆಂಟು ವರ್ಷ ಸವೆದವನು. ಅಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳದಷ್ಟು ಗದ್ದಲ, ಮಾತೆಲ್ಲ ಕೈಸನ್ನೆಯಲ್ಲೇ. ಎರಡು ಬೆರಳು ಅಗಲಿಸಿದರೆ ನೂಲು ಹರಿದಿದೆ. ಮೂಗು ಹಿಡಿದರೆ ಸಾಹೇಬರು ಬಂದರು.

ಆ ಮಗ್ಗಗಳನ್ನು ಕಿತ್ತು ಹೊಸ ಯಂತ್ರ ಕೂರಿಸುವಾಗ ಇಪ್ಪತ್ತು ಜನರ ಎದೆ ನಡುಗಿತ್ತು. ಕಲಿಯದವರಿಗೆ ಕೆಲಸವಿಲ್ಲ ಎಂದಿದ್ದರು ಸಾಹೇಬರು. ಮೇಸ್ತ್ರಿ ಎದೆ ತಟ್ಟಿಕೊಂಡು ಹೇಳಿದ್ದ: "ಚರ್ಮ ಸುಲಿದಾದ್ರೂ ಕಲಿಸ್ತೀನಿ. ಒಬ್ಬರನ್ನೂ ಬಿಟ್ಟುಹೋಗಲ್ಲ!"

ತಿಂಗಳಿಡೀ ಬೈದು, ಬೆನ್ನು ತಟ್ಟಿ, ಎಲ್ಲರಿಗೂ ಕಲಿಸಿದ. ಕೊನೆಗೆ ಯಂತ್ರಗಳಿಗೆ ಸದ್ದು ಜೋಡಿಸಿದರು. ನೂಲು ಹರಿದರೆ ಸಾಕು, ಕೀಂಯ್ ಎನ್ನುತ್ತದಂತೆ. ಸಾಹೇಬರು ಒಂದು ನಿಯಮ ಬೇಕು ಎಂದಾಗ, ಹೆದರಿಕೆ ಇರಲಿ ಅಂತ ಮೇಸ್ತ್ರಿಯೇ ಹಲಗೆಯ ಮೇಲೆ ಬರೆದ: ಯಂತ್ರ ಕೂಗಿದರೂ ಸುಮ್ಮನೆ ನಿಂತವರು ಗೇಟಿನ ಹೊರಗೆ.

"ಕಿವಿ ಇದೆಯಲ್ಲ, ಇನ್ನೇನು ಕಷ್ಟ ನಿಮಗೆ?" ಎಂದು ಗುಡುಗಿದ.

ಮರುದಿನ ಬೆಳಿಗ್ಗೆ ಯಂತ್ರಗಳು ಶುರುವಾದವು. ಮೊದಲನೆಯದನ್ನು ಮೇಸ್ತ್ರಿಯೇ ನಡೆಸುತ್ತಿದ್ದ. ಅದಕ್ಕೆ ಬೆನ್ನು ಮಾಡಿ ಜನರನ್ನು ನೋಡುತ್ತಿದ್ದಾಗ, ಎಲ್ಲರೂ ಕೆಲಸ ಬಿಟ್ಟು ಅವನನ್ನೇ ನೋಡತೊಡಗಿದರು.

"ಏನ್ರೋ, ನನ್ ಮುಖದ ಮೇಲೆ ಕೋತಿ ಕುಣೀತಿದೆಯಾ?"

ಒಬ್ಬರೂ ನಗಲಿಲ್ಲ. ಎಲ್ಲರಿಗಿಂತ ಹಳಬಳಾದ ನೂಲಕ್ಕ ಮೆಲ್ಲಗೆ ಕೈ ಎತ್ತಿ ಎರಡು ಬೆರಳು ಅಗಲಿಸಿದಳು.

ಮೇಸ್ತ್ರಿ ತಿರುಗಿ ನೋಡಿದ. ತನ್ನ ಯಂತ್ರದಲ್ಲೇ ನೂಲು ಹರಿದು ಜೋತಾಡುತ್ತಿತ್ತು.

"ಇದು... ಕೂಗ್ತಾ ಇದೆಯಾ?"

"ಆಗಿಂದ ಕೂಗ್ತಾ ಇದೆ, ಮೇಸ್ತ್ರೀ," ಎಂದಳು ಕಿರಿಯಳೊಬ್ಬಳು. ಅವಳ ತುಟಿ ಆಡಿದ್ದು ಮಾತ್ರ ಅವನಿಗೆ ಕಂಡಿತು.

ಬಾಗಿ, ಯಂತ್ರಕ್ಕೇ ಕಿವಿ ಹಚ್ಚಿದ. ಏನೂ ಇಲ್ಲ. ಹೆಂಡತಿ ಮಾತಿಗೆ ಮುಂಚೆ ಯಾಕೆ ಭುಜ ಮುಟ್ಟುತ್ತಾಳೆ? ಗೊಣಗಬೇಡ, ಬಾಯಿ ಬಿಟ್ಟು ಮಾತಾಡು ಅಂತ ಅವಳನ್ನು ಎಷ್ಟು ವರ್ಷ ಬೈದಿದ್ದ!

"ನನ್ ಕಿವಿ ವಿಷಯ ನಿಮಗೆಲ್ಲ ಗೊತ್ತಿತ್ತಾ?"

ನೂಲಕ್ಕ ಎದುರಿಗೇ ಬಂದು ನಿಂತಳು. "ಹೇಳಿದ್ರೆ ಕೊಂದೇ ಹಾಕ್ತಿದ್ದೆಯಲ್ಲಪ್ಪಾ!"

ಮೇಸ್ತ್ರಿ ನೆಟ್ಟಗೆ ಸಾಹೇಬರ ಕೋಣೆಗೆ ಹೋದ. "ಕಟ್ಟಳೆ ಬರೆದೋನೂ ನಾನೇ, ಮೊದಲು ಸಿಕ್ಕಿಬಿದ್ದೋನೂ ನಾನೇ. ನನ್ ಹೆಸರು ಹೊಡೆದು ಹಾಕಿ." ಸಾಹೇಬರು ಪೆನ್ನು ಕೆಳಗಿಟ್ಟರು. ಹೆಸರು ಹೊಡೆಯಲಿಲ್ಲ, ವೈದ್ಯರನ್ನು ಕರೆಸಿ ಎಲ್ಲರ ಕಿವಿಯನ್ನೂ ನೋಡಿಸಿದರು. ವೈದ್ಯರು ಕೊಟ್ಟ ಚೀಟಿಯನ್ನು ಮೇಸ್ತ್ರಿಗೂ ತೋರಿಸಿದರು. ಮೇಸ್ತ್ರಿಯಲ್ಲದೆ ಇನ್ನೂ ಒಂಬತ್ತು ಜನರಿಗೆ ಆ ಸದ್ದು ಕೇಳುತ್ತಿರಲಿಲ್ಲ. ನೂಲಕ್ಕನ ಹೆಸರೂ ಅದರಲ್ಲಿತ್ತು.

"ನಿನಗೂನಾ ಅಕ್ಕಾ?" ಎಂದ ಮೇಸ್ತ್ರಿ, ನೂಲಕ್ಕನ ಮುಂದೆ ಬಂದು.

"ನೂಲು ಕಣ್ಣಿಗೆ ಕಾಣತ್ತೆ. ಕಾಣದಿದ್ರೆ ಪಕ್ಕದ ಹುಡುಗಿ ಓಡಿದ ಕಡೆ ನಾನೂ ಓಡ್ತೀನಿ."

ಒಂಬತ್ತು ಜನ! ತನ್ನ ಕೈಯಾರೆ, ಒಂದು ತುಂಡು ಸೀಮೆಸುಣ್ಣದಲ್ಲಿ ಅವರನ್ನು ಬೀದಿಗೆ ತಳ್ಳುತ್ತಿದ್ದ. ಮೇಸ್ತ್ರಿ ಅಂಗಿಯ ತೋಳಿನಿಂದಲೇ ಹಲಗೆ ಒರೆಸಿದ.

"ಯಂತ್ರಕ್ಕೊಂದು ಕೆಂಪು ದೀಪ ಹಾಕಿಸಿ ಸಾಹೇಬ್ರೇ. ಅಲ್ಲೀವರೆಗೆ ಒಂದೂ ತಿರುಗಲ್ಲ."

ಸಾಹೇಬರು ಚೀಟಿ ನೋಡುತ್ತಲೇ ಏನೋ ಅಂದರು.

"ಮುಖ ಎತ್ತಿ ಹೇಳಿ," ಎಂದ ಮೇಸ್ತ್ರಿ. ಎಂದೂ ಯಾರನ್ನೂ ಹಾಗೆ ಕೇಳಿದವನಲ್ಲ.

ಸಾಹೇಬರು ಮುಖ ಎತ್ತಿದರು. "ಹಾಕಿಸ್ತೀನಿ," ಎಂದರು, ಒಂದೊಂದೇ ಅಕ್ಷರ ಬಿಡಿಸಿ.